ಕೆ.ಆರ್. ನಗರದ ಮದುವೆಯಿಂದ ಬಂದ ಗಿಡ

ಡೈರಿ ಬರೆಯುವವರು ಸತ್ಯವಂತರು ಎಂಬ ನಂಬಿಕೆಯೊಂದು ಲೋಕದಲ್ಲಿದೆ. ಅದನ್ನು ಹಬ್ಬಿಸಿದವರು ಡೈರಿ ಬರೆಯುವವರೇ ಇರಬೇಕು. ನಾನು ಇಪ್ಪತ್ತಾರು ವರ್ಷಗಳಿಂದ ಬರೆಯುತ್ತಿದ್ದೇನೆ. ಪಿರಿಯಾಪಟ್ಟಣದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವುದು ನನ್ನ ಕಸುಬು. ಹುಣಸೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. 'ಕಣ್ಣಾರೆ ಕಂಡೆ ಎನ್ನುವವನನ್ನು ಎಲ್ಲರಿಗಿಂತ ಮೊದಲು ಅನುಮಾನಿಸಿ' ಎಂದು ವಿದ್ಯಾರ್ಥಿಗಳಿಗೆ ವರ್ಷಕ್ಕೊಮ್ಮೆಯಾದರೂ ಹೇಳುತ್ತೇನೆ. ಅವರು ಅದನ್ನು ಶ್ರದ್ಧೆಯಿಂದ ಬರೆದುಕೊಂಡು, ಪರೀಕ್ಷೆಯಲ್ಲಿ ಯಾವನೋ ರಾಜ ಹೇಳಿದ ಮಾತು ಎಂದು ಬರೆಯುತ್ತಾರೆ. ನೆನಪನ್ನು ನಂಬಬಾರದು ಎಂದೇ ನಾನು ಡೈರಿ ಇಟ್ಟುಕೊಂಡದ್ದು. ಆದರೆ ಡೈರಿಯನ್ನಾದರೂ ನೆನಪಿನಿಂದಲೇ ತಾನೆ ಬರೆಯಬೇಕು? ಕಳ್ಳನ ಕೈಗೆ ಬೀಗದ ಕೈ ಕೊಟ್ಟು, ಕಾವಲಿಗೆ ಅವನ ತಮ್ಮನನ್ನು ಕೂರಿಸಿದ ಹಾಗಾಯಿತು. ಇದು ನನಗೆ ಅರ್ಥವಾದದ್ದು ಈಚೆಗೆ, ನಮ್ಮ ಮನೆಯ ಮುಂದಿನ ಒಂದು ಗಿಡದ ದೆಸೆಯಿಂದ.

ಗಿಡ ಎಂದರೆ ಗಿಡವಲ್ಲ, ಬಳ್ಳಿ ಎಂದರೆ ಪೂರ್ತಿ ಬಳ್ಳಿಯೂ ಅಲ್ಲ. ಬಳ್ಳಿಗೆ ಮೇಲೇರಬೇಕೆಂಬ ಆಸೆಯಾದರೂ ಇರುತ್ತದೆ. ಇದು ಭಾನುವಾರ ಮಧ್ಯಾಹ್ನದ ಗಂಡಸಿನಂತೆ ನೆಲ ಹಿಡಿದು, ಸಿಕ್ಕ ಕಡೆಗೆ ಕೈಕಾಲು ಚಾಚಿಕೊಂಡು ಹರಡುತ್ತದೆ. ವೀಳ್ಯದೆಲೆಯನ್ನು ಗೊಂಬೆಗಳಿಗೆಂದು ಪುಟ್ಟದಾಗಿ ಮಾಡಿದರೆ ಹೇಗೋ ಹಾಗೆ ಅದರ ಎಲೆ; ಮುಟ್ಟಿದರೆ ದಪ್ಪ, ಚಿವುಟಿದರೆ ಬರೀ ನೀರು. ಅಂಗಿಯ ಗುಂಡಿಯಷ್ಟಗಲದ ಕಡುಗುಲಾಬಿ ಹೂವು ಬಿಸಿಲು ಏರಿದ ಮೇಲೆ ಅರಳಿ, ಬಿಸಿಲು ಇಳಿಯುವ ಮುಂಚೆಯೇ ಮುಚ್ಚಿಕೊಂಡು ಮನೆಗೆ ಹೊರಡುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಕೇಳಿದರೆ ನಾಲಿಗೆಗೆ ಒಗ್ಗದ ಲ್ಯಾಟಿನ್ ಹೆಸರೊಂದನ್ನು ಹೇಳಿ, ತವರು ದಕ್ಷಿಣ ಆಫ್ರಿಕಾ ಎಂದಿತು. ಕನ್ನಡದಲ್ಲಿ ಹೆಸರಿದ್ದಂತಿಲ್ಲ. ನಮ್ಮ ಬೀದಿಯಲ್ಲಿ 'ಆ ಗಿಡ' ಎಂದರೆ ಇದೇ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಮೊಣಕಾಲೆತ್ತರದ ಕಾಂಪೌಂಡು ಗೋಡೆ. ಈ ಕಡೆಯಿಂದ ನಮ್ಮದು, ಆ ಕಡೆಯಿಂದ ಅವರದು ಏರಿ ಬಂದು, ಗೋಡೆಯ ತಲೆಯ ಮೇಲೆ ಒಂದನ್ನೊಂದು ತಬ್ಬಿಕೊಂಡು, ಯಾರದು ಎಲ್ಲಿ ಮುಗಿಯಿತು ಎಂದು ಸರ್ವೇಯರನಿಗೂ ತಿಳಿಯದಂತೆ ಹೆಣೆದುಕೊಂಡಿವೆ.

ಪಕ್ಕದ ಮನೆ ವಿಶಾಲಾಕ್ಷಮ್ಮನವರದು. ಹೈಸ್ಕೂಲಿನ ಹೆಡ್‌ಮಿಸ್ಸಾಗಿ ನಿವೃತ್ತರಾದವರು, ಒಬ್ಬರೇ ಇದ್ದಾರೆ. ಅವರಿಗೂ ನನ್ನ ಹೆಂಡತಿ ಜಯಂತಿಗೂ, ಅವಳು ಮದುವೆಯಾಗಿ ಬಂದಾಗಿನಿಂದ, ಹದಿನೆಂಟು ವರ್ಷಗಳ ಸ್ನೇಹ. ಬೆಳಿಗ್ಗೆ ಆರಕ್ಕೆ ಇಬ್ಬರೂ ಜೊತೆಯಲ್ಲಿ ವಾಕಿಂಗ್ ಹೋಗಬೇಕು. ಕಾಂಪೌಂಡಿನ ಮೇಲೆ ಬಟ್ಟಲುಗಳು ಓಡಾಡುತ್ತಲೇ ಇರಬೇಕು. ಈ ಕಡೆಯಿಂದ ಸೊಪ್ಪಿನ ಸಾರು ಹೋದರೆ ಆ ಕಡೆಯಿಂದ ಅದೇ ಬಟ್ಟಲಿನಲ್ಲಿ ಅವರೆಕಾಯಿ ಹುಳಿ ಬರುತ್ತದೆ. ಬಟ್ಟಲು ಖಾಲಿಯಾಗಿ ವಾಪಸು ಬರಬಾರದು. ಜಯಂತಿಗೆ ಆಪರೇಷನ್ ಆದಾಗ ಇಪ್ಪತ್ತು ದಿನ ನಮ್ಮಿಬ್ಬರಿಗೂ ಅಡುಗೆ ಮಾಡಿ ಹಾಕಿದವರು ಅವರು. ಆಗ ನಾನೂ ಮೂರು ಕೆಜಿ ದಪ್ಪಗಾಗಿದ್ದೆ. ರೋಗಿ ಯಾರೆಂದು ನೋಡಲು ಬಂದವರು ಗೊಂದಲಪಡುತ್ತಿದ್ದರು.

ಇನ್ನು, ಆ ಗಿಡ ನಮ್ಮ ಮನೆಗೆ ಬಂದ ಚರಿತ್ರೆ. ಏಳು ವರ್ಷದ ಹಿಂದೆ ಕೆ.ಆರ್. ನಗರದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಹೋಗಿದ್ದೆ. ಛತ್ರದ ಮೆಟ್ಟಿಲ ಪಕ್ಕದಲ್ಲಿ, ಒಡೆದ ಸಿಮೆಂಟು ಕುಂಡದಲ್ಲಿ ಇದು ಬೆಳೆದಿತ್ತು. ಅಡುಗೆಯವರ ಕಡೆಯ ಹೆಂಗಸೊಬ್ಬಳು ಪಾತ್ರೆ ತೊಳೆದ ನೀರನ್ನು ಅದಕ್ಕೆ ಸುರಿಯುತ್ತಿದ್ದಳು. ಒಂದು ತುಂಡು ಕೊಡಮ್ಮ ಎಂದೆ. 'ತಕ್ಕೊಳಿ ಸ್ವಾಮಿ, ಇದೇನ್ ಚಿನ್ನವಾ' ಎಂದಳು. ಒದ್ದೆ ಕರ್ಚೀಫಿನಲ್ಲಿ ಸುತ್ತಿ, ತಾಂಬೂಲದ ಚೀಲದಲ್ಲಿಟ್ಟು ತಂದೆ. ಈ ಕಥೆಯನ್ನು ನಾನು ಏಳು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಆ ಮೆಟ್ಟಿಲು, ಆ ಕುಂಡ, ಆಕೆಯ ಮೊಣಕೈಗೆ ಅಂಟಿದ್ದ ಬೂದಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ.

ಜಗಳ ಆದದ್ದು ಹೀಗೆ. ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದ ಹತ್ತಾರು ಹೆಂಗಸರಲ್ಲಿ ಹಿಂದಿನ ಬೀದಿಯವರೊಬ್ಬರು ಹೂವು ನೋಡಿ ಹೊಗಳಿದರು. ಪಕ್ಕದಲ್ಲೇ ಇದ್ದ ವಿಶಾಲಾಕ್ಷಮ್ಮ, "ನಾನು ಕೊಟ್ಟಿದ್ದು ಕಣ್ರೀ ಇವರಿಗೆ. ನಮ್ಮ ಗೇಟಿನ ಹತ್ರ ಇತ್ತಲ್ಲ, ಅದೇ," ಎಂದರು.

ಜಯಂತಿ ನಗುತ್ತಲೇ, "ಇಲ್ಲ ವಿಶಾಲಕ್ಕ, ಇದು ನಮ್ಮನೆಯವರು ಕೆ.ಆರ್. ನಗರದ ಮದುವೆಯಿಂದ ತಂದಿದ್ದು. ನಿಮಗೆ ಮರೆತೋಗಿದೆ," ಎಂದಳು.

ಮೂವತ್ತೈದು ವರ್ಷ ಮಕ್ಕಳ ಮಗ್ಗಿ ಕೇಳಿದ ಹೆಂಗಸಿಗೆ ಯಾರೂ 'ಮರೆತೋಗಿದೆ' ಎನ್ನಬಾರದು. "ಹಂಗಂದ್ರೆ ನಾನು ಸುಳ್ಳು ಹೇಳ್ತಾ ಇದೀನಾ?" ಎಂದರು. "ಹಂಗಲ್ಲ, ಇವರು ಡೈರಿಲಿ ಎಲ್ಲ ಬರೀತಾರೆ, ಇವರಿಗೆ ತಪ್ಪಲ್ಲ," ಎಂದಳು ಜಯಂತಿ. ನನ್ನ ಹೆಂಡತಿ ಹದಿನೆಂಟು ವರ್ಷದಲ್ಲಿ ಮೊದಲ ಸಲ ಊರೆದುರು ನನ್ನ ಪರವಾಗಿ ನಿಂತದ್ದು ಅದು. ವಿಶಾಲಾಕ್ಷಮ್ಮ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ನಾನು ಬಂದವರಿಗೆ ಬಾಳೆಹಣ್ಣು ಎತ್ತಿಕೊಡುವುದರಲ್ಲಿ ಮಗ್ನನಾದೆ. ವಿಶಾಲಾಕ್ಷಮ್ಮ ಕುಂಕುಮ ಇಟ್ಟುಕೊಂಡು, ತಾಂಬೂಲ ಮರೆತು ಹೋದರು. ಅದು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂದು ಆಮೇಲೆ ತಿಳಿಯಿತು.

ಅಲ್ಲಿಂದ ಮೂರು ತಿಂಗಳು ಕಾಂಪೌಂಡಿನ ಮೇಲೆ ಒಂದು ಬಟ್ಟಲೂ ದಾಟಲಿಲ್ಲ. ಅವರದೊಂದು ಸ್ಟೀಲ್ ಬಟ್ಟಲು ನಮ್ಮಲ್ಲೇ ಉಳಿದುಬಿಟ್ಟಿತ್ತು. ಖಾಲಿ ಕೊಡುವಂತಿಲ್ಲ, ತುಂಬಿ ಕೊಡುವಂತಿಲ್ಲ. ಜಯಂತಿ ಅದನ್ನು ದಿನಾ ತೊಳೆದು, ಒರೆಸಿ, ಕವುಚಿಡುತ್ತಿದ್ದಳು. ಬೆಳಗಿನ ವಾಕಿಂಗಿಗೆ ಅವಳು ನನ್ನನ್ನು ಎಬ್ಬಿಸತೊಡಗಿದಳು. ಎರಡು ಹೆಂಗಸರ ಸ್ನೇಹ ಮುರಿದರೆ ಅದರ ಮೊದಲ ಪೆಟ್ಟು ಗಂಡಸಿನ ಮಂಡಿಗೆ ಬೀಳುತ್ತದೆ. ದಾರಿಯಲ್ಲಿ ಅವಳು ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ, "ನಿಮ್ಮ ಜೊತೆ ನಡೆಯೋದು ಒಬ್ಬಳೇ ನಡೆದ ಹಾಗೇ, ಉಸಿರಿನ ಸದ್ದೊಂದು ಜಾಸ್ತಿ," ಎಂದಳು. ಮನೆ ಹತ್ತಿರ ಬಂದಾಗ, "ಆ ವರ್ಷದ ಡೈರಿ ತೆಗೆದು ನೋಡಿ. ಅದರಲ್ಲಿ ಇದ್ದರೆ ತೋರಿಸಿ ಬರ್ತೀನಿ. ಇಲ್ಲದೇ ಇದ್ದರೆ ನಾನೇ ಹೋಗಿ ತಪ್ಪಾಯ್ತು ಅಂತೀನಿ. ಹೆಂಗೋ ಒಂದು ಮುಗೀಲಿ," ಎಂದಳು. ಅವಳ ಕಣ್ಣು ತುಂಬಿತ್ತು. ಒಂದು ಗಿಡಕ್ಕೆ ಇಷ್ಟಾಯಿತಲ್ಲ ಎಂದು ನನಗೂ ಕಸಿವಿಸಿಯಾಯಿತು.

ಡೈರಿ ತೆಗೆದೆ. ಮದುವೆಯ ದಿನದ ಪುಟ ಸಿಕ್ಕಿತು. 'ಕೆ.ಆರ್. ನಗರದಲ್ಲಿ ಮದುವೆ. ಹೋಳಿಗೆಗೆ ತುಪ್ಪ ಕಡಿಮೆ. ಬರುವಾಗ ಬಿಳಿಕೆರೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ವಿಶೇಷವೇನಿಲ್ಲ.' ಮೆಟ್ಟಿಲಿಲ್ಲ, ಕುಂಡವಿಲ್ಲ, ಬೂದಿಯ ಮೊಣಕೈ ಇಲ್ಲ. ಪುಟ ತಿರುವಿದೆ. ಹನ್ನೆರಡು ದಿನ ಕಳೆದು, ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ವಿಶಾಲಾಕ್ಷಮ್ಮನವರ ಗೇಟಿನ ಗಿಡ ನಮ್ಮಲ್ಲಿ ಚಿಗುರಿದೆ. ಕದ್ದದ್ದು ಹತ್ತುತ್ತದೆ ಎನ್ನುವುದು ಸುಳ್ಳಲ್ಲ. ಜಯಂತಿಗೆ ನಿಜ ಹೇಳಬೇಕು.'

ನಮ್ಮ ಕಡೆ ಹಾಗೊಂದು ಮಾತಿದೆ. ಕೇಳಿ ತಂದ ಕಡ್ಡಿ ಒಣಗುತ್ತದೆ, ಕದ್ದು ತಂದ ಕಡ್ಡಿ ಹತ್ತುತ್ತದೆ. ನಾನು ಎಂ.ಎ. ಓದಿದವನು, ಇಂಥದ್ದನ್ನು ನಂಬುವುದಿಲ್ಲ. ಆದರೆ ಕೇಳಿ ತಂದ ದಾಸವಾಳ, ಕೇಳಿ ತಂದ ಮಲ್ಲಿಗೆ ಎರಡೂ ಒಣಗಿ ಹೋಗಿದ್ದವು. ಚರಿತ್ರೆಕಾರ ಆಧಾರಗಳನ್ನು ಕಡೆಗಣಿಸುವಂತಿಲ್ಲ. ಆ ಸಾಲು ಓದಿದ ಮೇಲೆ, ಬಾವಿಯಿಂದ ಬಿಂದಿಗೆ ಮೇಲೆ ಬಂದ ಹಾಗೆ ನಿಧಾನವಾಗಿ ಎಲ್ಲ ಬಂತು. ಮದುವೆಯಿಂದ ಬಂದು ಬೀದಿ ತಿರುಗಿದಾಗ ಮಧ್ಯಾಹ್ನ ನಾಲ್ಕು ಗಂಟೆ. ಪಕ್ಕದ ಮನೆಯ ಗೇಟಿನ ಬಳಿ ಯಾರೂ ಇಲ್ಲ. ಬಗ್ಗಿ ಮುರಿದೆ, 'ಟಕ್' ಎಂದು ಮುರಿಯಿತು. ಚೀಲಕ್ಕೆ ಹಾಕಿಕೊಂಡು ಒಳಗೆ ಬಂದರೆ ಜಯಂತಿ ತೆಂಗಿನಕಾಯಿ ತೆಗೆಯಲು ಚೀಲಕ್ಕೆ ಕೈ ಹಾಕಿದವಳು, "ಇದೇನು, ಮದುವೆ ಮನೆಯಿಂದ ತಂದ್ರಾ?" ಎಂದಳು. ನಾನು "ಹೂಂ" ಎಂದೆ. ನಾನು ಹೇಳಿದ ಸುಳ್ಳು ಅಷ್ಟೇ, ಒಂದಕ್ಷರದ್ದು. ಮೆಟ್ಟಿಲು, ಕುಂಡ, ಹೆಂಗಸು, ಬೂದಿ ಎಲ್ಲ ಗಿಡದ ಹಾಗೆಯೇ ಆಮೇಲೆ ತಾವಾಗಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟುಕೊಂಡು ಬೆಳೆದವು.

ಈಗ ಹೇಳಿಬಿಡಬಹುದಿತ್ತು. ಆದರೆ ಹೆಂಡತಿ ಹದಿನೆಂಟು ವರ್ಷಕ್ಕೊಮ್ಮೆ ಗಂಡನನ್ನು ನಂಬಿ ಆಡಿದ ಮಾತನ್ನು ಹೇಗೆ ಸುಳ್ಳು ಮಾಡುವುದು? "ಸಿಕ್ತಾ?" ಎಂದಳು ಅಡುಗೆಮನೆಯಿಂದ. "ಆ ವರ್ಷದ ಡೈರಿಯೇ ಕಾಣ್ತಿಲ್ಲ," ಎಂದೆ. ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಚರಿತ್ರೆಯಲ್ಲಿ ಎಷ್ಟು ದಾಖಲೆಗಳು ಹೀಗೆ ಅಕ್ಕಿ ಡಬ್ಬದ ಹಿಂದೆ ಹೋಗಿವೆಯೋ.

ಇಷ್ಟರಲ್ಲಿ ಹಂಪಾಪುರದಿಂದ ನನ್ನ ಸೋದರತ್ತೆ ಚಿಕ್ಕತಾಯಮ್ಮ ಬಂದರು. ಎಪ್ಪತ್ತೆರಡು ವರ್ಷ, ಇವತ್ತಿಗೂ ಹೊಲಕ್ಕೆ ಹೋಗುತ್ತಾರೆ. ಅವರಿಗೆ ಜಗಳದ ವಿಷಯ ನಾವು ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಅವರನ್ನು ಮನೆಯಲ್ಲಿ ಬಿಟ್ಟು ನಾನೂ ಜಯಂತಿಯೂ ಪೇಟೆಗೆ ಹೋಗಿ, ಮಧ್ಯಾಹ್ನ ಹಸಿದುಕೊಂಡು ಹಿಂಬಾಗಿಲಿಂದ ಬಂದೆವು. ಮನೆಯೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ಘಮ. ಬಿಸಿ ಮುದ್ದೆ, ಬೆರಕೆ ಸೊಪ್ಪಿನ ಸಾರು. ಹೊಲದ ಬದುವಿನಲ್ಲಿ ಕಂಡ ಹತ್ತು ತರದ ಸೊಪ್ಪನ್ನು ಒಟ್ಟಿಗೆ ಕಿತ್ತು ಮಾಡುವ ಈ ಸಾರು ನಮ್ಮ ಕಡೆಯ ಹೆಂಗಸರ ಕೈಗುಣ. ಯಾವುದು ತಿನ್ನುವುದು, ಯಾವುದು ತಿನ್ನಬಾರದು ಎಂಬುದು ಅವರ ಬೆರಳಿಗೇ ಗೊತ್ತಿರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ನಾನು ಒಂದರ ಬದಲು ಎರಡು ಮುದ್ದೆ ನುಂಗಿದೆ. ಸಾರು ಸ್ವಲ್ಪ ಹುಳಿಯಾಗಿ, ಗೋಣಿಸೊಪ್ಪಿನ ಹಾಗೆ ನುಣ್ಣಗೆ ಜಾರುತ್ತಿತ್ತು.

"ಸೊಪ್ಪು ಎಲ್ಲಿ ಸಿಕ್ತು ಅತ್ತೆ?" ಎಂದೆ, ಕೈ ನೆಕ್ಕುತ್ತ.

"ನಿಮ್ಮನೆ ಮುಂದುಗಡೇದೇ ಕಣ್ಲಾ. ಅಷ್ಟೊಂದು ಸೊಂಪಾಗಿ ಬೆಳ್ಕಂಡದೆ, ಒಬ್ರಾದ್ರೂ ಕಿತ್ತು ಬೇಯಿಸ್ಬಾರ್ದಾ? ಪ್ಯಾಟೆ ಸೇರುದ್ರೆ ಸೊಪ್ಪೂ ಕಾಣಾಕಿಲ್ಲ ಜನಕ್ಕೆ."

ಎಂಜಲು ಕೈಯಲ್ಲೇ ಮುಂದಿನ ಬಾಗಿಲಿಗೆ ಓಡಿದೆ. ನಮ್ಮ ಕಡೆ ಬೋಳು. ಗೋಡೆಯ ತಲೆ ಬೋಳು. ಬಗ್ಗಿ ನೋಡಿದರೆ ವಿಶಾಲಾಕ್ಷಮ್ಮನವರ ಕಡೆಯೂ ಕೈ ಎಟುಕುವಷ್ಟು ದೂರ ಬೋಳು. ತಿರುಪತಿಗೆ ಹೋಗಿ ಬಂದ ಸಂಸಾರದಂತೆ ಎರಡು ಮನೆಯ ಅಂಗಳವೂ ಕಾಣುತ್ತಿತ್ತು.

"ಆ ಕಡೇದೂ ಕಿತ್ತಿದ್ದೀರಲ್ಲ ಅತ್ತೆ!"

"ಆ ಕಡೇದೂ ಒಂದೇ, ಈ ಕಡೇದೂ ಒಂದೇ. ಅದುಕ್ಕೇನು ಪಹಣಿ ಐತಾ? ಅವ್ರಿಗೂ ಒಂದು ಬಟ್ಲು ಸಾರು ಕೊಟ್ಟು ಬಂದೆ ಬುಡು. ಪಾಪ, ಒಬ್ರೇ ಅವ್ರೆ. ಅವ್ರದೇ ಹೆಸರು ಕೊರೆದಿದ್ದ ಬಟ್ಲು ಇಲ್ಲೇ ಕವುಚಾಕಿತ್ತು, ಅದ್ರಲ್ಲೇ ಕೊಟ್ಟೆ."

ಮೂರು ತಿಂಗಳಿಂದ ನಾವು ದಾಟಿಸಲಾಗದ ಬಟ್ಟಲನ್ನು ಆಕೆ ಕ್ಷಣದಲ್ಲಿ ದಾಟಿಸಿದ್ದರು. ಅದರಲ್ಲಿ ಇದ್ದದ್ದು ಸಾರೋ ವಿಷವೋ ಎಂಬುದೊಂದೇ ತಿಳಿಯಬೇಕಿತ್ತು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಮೂರು ತಿಂಗಳ ನಂತರದ ಮೊದಲ ಮಾತು ಕೇಳಿಸಿತು. "ಜಯಂತೀ, ಇದು ಯಾವ ಸೊಪ್ಪೇ? ಚೆನ್ನಾಗಿತ್ತು ಅಂತ ಎಲ್ಲಾ ತಿಂದ್ಬಿಟ್ಟೆ. ಈಗ ಹೊರಗೆ ಬಂದು ನೋಡಿದ್ರೆ..."

ಹತ್ತು ನಿಮಿಷದಲ್ಲಿ ನಾಲ್ವರೂ ನಮ್ಮ ಹಾಲಿನಲ್ಲಿ ಕೂತಿದ್ದೆವು. ಮೊಬೈಲನ್ನು ಕೇಳಿದರೆ ಒಂದು ಕಡೆ ತಿನ್ನಬಹುದು ಎಂದಿತ್ತು, ಇನ್ನೊಂದು ಕಡೆ ಇದು ಅಲಂಕಾರಕ್ಕೆ ಮಾತ್ರ ಎಂದಿತ್ತು, ಮೂರನೆಯ ಕಡೆ ತಜ್ಞರನ್ನು ಸಂಪರ್ಕಿಸಿ ಎಂದಿತ್ತು. ನಮ್ಮ ಪೈಕಿ ಸೊಪ್ಪಿನ ತಜ್ಞೆ ಅತ್ತೆಯೇ. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. "ನೆನ್ನೆ ನಾನು ಬಂದಾಗ ಬೀದಿ ಮೇಕೆ ಇದ್ನೇ ತಿಂತಿತ್ತು. ಇವತ್ತು ಬೆಳುಗ್ಗೆನೂ ಬಂದಿತ್ತು. ಮೇಕೆ ತಿಂದು ಬದುಕ್ಕಂಡದೆ, ಮೇಷ್ಟ್ರು ತಿಂದ್ರೆ ಏನಾದದು?"

"ಅತ್ತೆ, ಅದು ಆಫ್ರಿಕಾದ ಗಿಡ."

"ಎಲ್ಲೀದಾರ ಆಗ್ಲಿ, ಕುಡ್ದಿರದು ನಮ್ಮೂರ್ ನೀರೇ ಅಲ್ವಾ?"

ರಾಗಿಯ ತವರೂ ಆಫ್ರಿಕಾವೇ. ಇದನ್ನು ಹುಣಸೂರಿನಲ್ಲಿ ಗಟ್ಟಿಯಾಗಿ ಹೇಳಿದರೆ ಮನೆತನದ ಮೇಲೆ ಮಾತಾಡಿದಂತಾಗುತ್ತದೆ ಎಂದು ಕ್ಲಾಸಿನಲ್ಲೂ ಮೆತ್ತಗೆ ಹೇಳುತ್ತೇನೆ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು, ಸಾವಿರಾರು ವರ್ಷಗಳ ಹಿಂದೆ ಒಂದು ದಾರಿಯಲ್ಲೂ ಮೊನ್ನೆ ಮೊನ್ನೆ ಇನ್ನೊಂದು ದಾರಿಯಲ್ಲೂ ಹೊರಟ ಒಂದೇ ಖಂಡದ ಇಬ್ಬರು ನನ್ನ ಹೊಟ್ಟೆಯಲ್ಲಿ ಭೇಟಿಯಾಗಿದ್ದಾರೆ, ಮತ್ತು ಅವರಿಬ್ಬರಿಗೂ ಆಗಿಬರುತ್ತಿಲ್ಲ ಎಂಬುದು. ಹೊಟ್ಟೆ ಕಲ್ಲಾಗಿತ್ತು. ಎದೆಯ ಕೆಳಗೆ ಏನೋ ಒತ್ತುತ್ತಿತ್ತು. ಜಯಂತಿ ವಿಶಾಲಾಕ್ಷಮ್ಮನ ಕೈ ಹಿಡಿದುಕೊಂಡು, "ನಿಮಗೇನೂ ಆಗ್ತಿಲ್ಲ ತಾನೆ ವಿಶಾಲಕ್ಕ?" ಎಂದು ಎರಡು ನಿಮಿಷಕ್ಕೊಮ್ಮೆ ಕೇಳುತ್ತಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಅಂಟಿ ಕೂತದ್ದನ್ನು ನೋಡಿ, ಸುಳ್ಳು ಹೊತ್ತುಕೊಂಡು ಹೋದರೆ ಮೇಲೆ ಯಾವ ಮುಖ ತೋರಿಸಲಿ ಎನ್ನಿಸಿತು. ಮೇಲೆ ಯಾರೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಹೊಟ್ಟೆ ಸರಿಯಿದ್ದಾಗಿನ ಅಭಿಪ್ರಾಯ.

"ಜಯಂತಿ," ಎಂದೆ, "ಆ ಗಿಡ ಕೆ.ಆರ್. ನಗರದ್ದಲ್ಲ. ಇವರ ಗೇಟಿನಿಂದ ನಾನು ಕದ್ದದ್ದು. ಡೈರಿ ಅಕ್ಕಿ ಡಬ್ಬದ ಹಿಂದಿದೆ."

ಜಯಂತಿ ನನ್ನನ್ನು ನೋಡಿದ ನೋಟವನ್ನು ಯಾವ ಡೈರಿಯಲ್ಲೂ ಬರೆಯಲಾರೆ. ವಿಶಾಲಾಕ್ಷಮ್ಮ ಮಾತ್ರ, ಹಾಜರಿ ಕೂಗುವಾಗ ಕೊನೆಗೂ 'ಪ್ರೆಸೆಂಟ್' ಎಂದ ಹುಡುಗನನ್ನು ನೋಡುವಂತೆ ನೋಡಿ, "ಗೊತ್ತು," ಎಂದರು. "ಅವತ್ತು ನಾನು ಕಿಟಕಿ ಹತ್ರ ಅವರೆಕಾಯಿ ಬಿಡಿಸ್ತಾ ಕೂತಿದ್ದೆ. ನೀವು ಬಗ್ಗಿದ್ದು ನೋಡಿ ಆ ಕಡೆ ತಿರುಕ್ಕೊಂಡೆ."

"ಯಾಕೆ ತಿರುಕ್ಕೊಂಡ್ರಿ?" ಎಂದೆ.

ಅದಕ್ಕೆ ಉತ್ತರ ಹೇಳಿದ್ದು ಅತ್ತೆ. "ಇಷ್ಟೊಂದು ಓದಿ ಅಷ್ಟೂ ಗೊತ್ತಿಲ್ವಾ ನಿಂಗೆ? ಕಡ್ಡಿ ಕದಿಯೋರ್ನ ಕಂಡ್ರೆ ಮನೇರು ಆ ಕಡೆ ತಿರುಕ್ಕಬೇಕು. ನೋಡ್ಬುಟ್ರೆ ಅದು ಕದ್ದಂಗಾಯ್ತದಾ? ಹತ್ತಾಕಿಲ್ಲ."

"ಅದಕ್ಕೇ ನಾನು ಕೊಟ್ಟಿದ್ದು ಅಂದಿದ್ದು," ಎಂದರು ವಿಶಾಲಾಕ್ಷಮ್ಮ. "ಕದ್ರು ಅಂತ ಹತ್ತು ಜನದ ಎದುರು ಹೇಳೋಕಾಗುತ್ತಾ? ಮೇಷ್ಟ್ರ ಮರ್ಯಾದೆ. ನೀವು ಬಾಳೆಹಣ್ಣು ಎಣಿಸ್ತಾ ಕೂತ್ರಿ. ಮೂರು ತಿಂಗಳು ಕಾದೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ."

ಜಯಂತಿ ಎದ್ದು ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬ ಸರಿಸಿದ ಸದ್ದು. ಡೈರಿ ತಂದು, ಕನ್ನಡಕ ಹಾಕಿಕೊಂಡು, ಆ ಸಾಲನ್ನು ವಿಶಾಲಾಕ್ಷಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು. 'ಜಯಂತಿಗೆ ನಿಜ ಹೇಳಬೇಕು' ಎಂಬಲ್ಲಿಗೆ ಬಂದಾಗ ಇಬ್ಬರಿಗೂ ನಗು ಬಂತು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಸಾಯುತ್ತಿದ್ದೇನೆ ಎಂಬುದು ಇಬ್ಬರಿಗೂ ಮರೆತೇಹೋಗಿತ್ತು. ಅದೇ ಸಮಯಕ್ಕೆ ನನ್ನ ಹೊಟ್ಟೆಯ ಆಳದಿಂದ ಒಂದು ತೇಗು ಹೊರಟಿತು. ಅಂಥ ತೇಗನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬೀದಿಯ ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು. ಹೊಟ್ಟೆ ಹತ್ತಿಯಾಯಿತು.

"ಅಷ್ಟೇಯ," ಎಂದರು ಅತ್ತೆ, ಎಲೆ ಮಡಿಸಿ ಬಾಯಿಗಿಡುತ್ತ. "ಎರಡು ಮುದ್ದೆ ತಿಂದು ವಿಸ ಆಯ್ತು ಅಂತಾನೆ."

ಮರುದಿನ ಬೆಳಿಗ್ಗೆ ಆರಕ್ಕೆ ನನ್ನನ್ನು ಯಾರೂ ಎಬ್ಬಿಸಲಿಲ್ಲ. ಕಾಂಪೌಂಡಿನ ಮೇಲೆ ಸ್ಟೀಲ್ ಬಟ್ಟಲು ಅವರೆಕಾಯಿ ಹುಳಿ ತುಂಬಿಕೊಂಡು ವಾಪಸು ಬಂದಿತ್ತು. ಗಿಡ ಹದಿನೈದೇ ದಿನಕ್ಕೆ ಎರಡು ಕಡೆಯಿಂದಲೂ ಚಿಗುರಿ ಮತ್ತೆ ಗೋಡೆ ಹತ್ತಿತು. ಅದಕ್ಕೆ ಚೌರ ಮಾಡಿಸಿಕೊಂಡಷ್ಟೇ ಖುಷಿ. ಅತ್ತೆ ಊರಿಗೆ ಹೊರಟಾಗ ಜಯಂತಿ ಕಡ್ಡಿ ಕೊಡಲು ಹೋದಳು. ಅವರು ಬೇಡವೆಂದರು. ಆಮೇಲೆ, "ನೀವೆಲ್ಲ ವಸಿ ಆ ಕಡೆ ತಿರುಕ್ಕಳಿ," ಎಂದರು. ವಿಶಾಲಾಕ್ಷಮ್ಮನೂ ಸೇರಿ ಮೂವರೂ ಶಿಸ್ತಾಗಿ ತಿರುಗಿ ನಿಂತೆವು.

ಮೊನ್ನೆ ಫೋನು ಮಾಡಿದ್ದರು. ಹಂಪಾಪುರದಲ್ಲಿ ಅದು ಹಿತ್ತಲಿನಿಂದ ಹಿತ್ತಲಿಗೆ ಹಬ್ಬಿದೆಯಂತೆ, ವಾರಕ್ಕೊಮ್ಮೆ ಸಾರಿಗೆ ಬೀಳುತ್ತದಂತೆ. ಹೆಸರಿಲ್ಲದ ಸೊಪ್ಪನ್ನು ಬೇಯಿಸುವುದು ಹೇಗೆಂದು ಅವರೇ ಹೆಸರನ್ನೂ ಇಟ್ಟಿದ್ದಾರೆ: ಮೇಷ್ಟ್ರ ಸೊಪ್ಪು. "ಯಾವ ಮೇಷ್ಟ್ರು ಅಂತ ಕೇಳ್ತಾರಾ?" ಎಂದೆ, ಸ್ವಲ್ಪ ಉಬ್ಬಿ. "ಕೇಳ್ತಾರೆ. ಕದ್ದು ತಂದ ಮೇಷ್ಟ್ರು ಅಂತೀನಿ. ಹಂಗಂದ್ರೇನೇ ಜನ ನಂಬಿ ನೆಡ್ತಾರೆ," ಎಂದರು.

ಆ ಭಾನುವಾರದ ಡೈರಿಯನ್ನು ಇವತ್ತು ತೆಗೆದು ಓದಿದೆ. 'ಆತ್ಮಸಾಕ್ಷಿಯ ಕರೆಗೆ ಓಗೊಟ್ಟು, ಎಲ್ಲರ ಎದುರು ಸತ್ಯ ಹೇಳಿದೆ. ಮನಸ್ಸು ಹಗುರವಾಯಿತು' ಎಂದು ಬರೆದಿದ್ದೇನೆ. ಅಕ್ಷರವೇನೋ ನನ್ನದೇ. ಆದರೆ ಕಣ್ಣಾರೆ ಕಂಡೆ ಎನ್ನುವವನನ್ನು ಮೊದಲು ಅನುಮಾನಿಸಬೇಕಲ್ಲ. ಆ ತೇಗು ಐದು ನಿಮಿಷ ಮುಂಚೆ ಬಂದಿದ್ದರೆ ಆ ಗಿಡ ಇವತ್ತಿಗೂ ಕೆ.ಆರ್. ನಗರದ್ದೇ ಆಗಿರುತ್ತಿತ್ತು.